ಬುಧವಾರದ ಒಪ್ಪತ್ತು

ಬೆಳಗಿನ ಶಿಫ್ಟಿನ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನವಳು ಹೇಳಿದಳು, "ಆ ಕ್ಯಾಂಟೀನಿನೋಳು ಇದ್ಲಲ್ಲ, ಹೋಗ್ಬಿಟ್ಲಂತೆ ಕಣೇ." ಪಕ್ಕದವಳು "ಯಾವಳು?" ಎಂದಳು. "ಅದೇ, ಕೇಸಿನೋಳು." ಅಷ್ಟಕ್ಕೇ ಅವಳಿಗೆ ಗುರುತು ಹತ್ತಿತು. ಆಮೇಲೆ ಮಾತು ಬಾಶೆಟ್ಟಿಹಳ್ಳಿ ಗೇಟಿನ ಎದುರು ಹೊಸದಾಗಿ ಶುರುವಾದ ಬಿರಿಯಾನಿ ಅಂಗಡಿಗೆ ಹೋಯಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಕೇಸಿನೋಳಂತೆ. ಅವಳು ಅಡುಗೆಯವಳು ಕಣ್ರೇ, ಅವಳು ಮಾಡಿದ ಬಸ್ಸಾರಿಗೆ ಬೆರಳು ನೆಕ್ಕಿದವರು ನೀವೇ ಅಲ್ಲವೇ ಎಂದು ತಿರುಗಿ ಕೇಳಬೇಕೆನ್ನಿಸಿತು. ಕೇಳಲಿಲ್ಲ. ಕೇಳುವ ಯೋಗ್ಯತೆ ನನಗಿಲ್ಲ, ಅದು ಯಾಕೆ ಎನ್ನುವುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳ ಹೆಸರನ್ನು ಮಾತ್ರ ಬರೆಯುವುದಿಲ್ಲ. ಕೋರ್ಟಿನ ಕಾಗದಗಳಲ್ಲಿ ಆ ಹೆಸರು ಬೇಕಾದಷ್ಟು ಸಲ ಬಂದು ಸವೆದಿದೆ. ನಾನು ಅಕ್ಕ ಅನ್ನುತ್ತಿದ್ದೆ, ಇಲ್ಲಿಯೂ ಹಾಗೇ ಅನ್ನುತ್ತೇನೆ.

ನಾನು ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಟೋಕನ್ ಕೊಡುವವಳು. ಆಗಲೂ ಅದೇ ಕಿಟಕಿ, ಈಗಲೂ ಅದೇ ಕಿಟಕಿ. ಬೆಳಗ್ಗೆ ಒಳಗೆ ಬರುವಾಗ ಯಾರಿಗೆ ಊಟ ಬೇಕು, ಯಾರಿಗೆ ಬೇಡ ಎಂದು ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಅಡುಗೆಮನೆಗೆ ತಿಳಿಸಬೇಕು. ಹೆಂಗಸರೇ ಹೆಚ್ಚಿರುವ ಕಾರ್ಖಾನೆ, ವಾರ ಮಾಡುವವರು ಬಹಳ. ಸೋಮವಾರ ಶಿವನಿಗೆ, ಶನಿವಾರ ತಿಮ್ಮಪ್ಪನಿಗೆ ಅಂತ ಒಂದೇ ಹೊತ್ತು ಉಣ್ಣುತ್ತಾರೆ. ಅಂಥವರ ಹೆಸರಿನ ಮುಂದೆ ನಾನು ಒಂದು 'ಒ' ಬರೆಯುತ್ತಿದ್ದೆ. ಒ ಅಂದರೆ ಒಪ್ಪತ್ತು. ಅವರಿಗೆ ಊಟದ ಬದಲು ಎರಡು ಬಾಳೆಹಣ್ಣು, ಒಂದು ಬಿಸ್ಕೆಟ್ ಪೊಟ್ಟಣ. ಅದು ಕಂಪನಿಯೇ ಮಾಡಿದ ಏರ್ಪಾಡು, ದೇವರ ವಿಷಯದಲ್ಲಿ ನಮ್ಮ ಕಂಪನಿ ಎಂದೂ ಹಿಂದೆ ಬಿದ್ದಿಲ್ಲ.

ಅಕ್ಕ ಬರುವ ಮೊದಲು ನಮ್ಮ ಕ್ಯಾಂಟೀನಿನ ಸಾರೆಂದರೆ ಬಿಸಿನೀರಿಗೆ ಖಾರದಪುಡಿ ತೋರಿಸಿದ್ದು. ಅವಳು ಬಂದ ವಾರದಲ್ಲೇ ಮನೆಯಿಂದ ಡಬ್ಬಿ ತರುವವರು ತರುವುದನ್ನು ಬಿಟ್ಟರು. ಸಣ್ಣ ಆಳು, ಗಂಟಲು ಮಾತ್ರ ದೊಡ್ಡದು. ಮುದ್ದೆ ಕೋಲನ್ನು ಇನ್ನೊಬ್ಬರು ಮುಟ್ಟಕೂಡದು. ಡಬರಿಯನ್ನು ಎರಡು ಪಾದಗಳ ನಡುವೆ ಹಿಡಿದಿಟ್ಟು ಕೋಲು ತಿರುವುವಾಗ ಯಾರಾದರೂ ಮಾತಾಡಿಸಿದರೆ ಉತ್ತರವಿಲ್ಲ, ಬೈಗುಳವೇ. ಕೈತೊಳೆಯುವ ಜಾಗದಲ್ಲಿ ನಿಂತು ತಟ್ಟೆಗಳನ್ನು ನೋಡುತ್ತಿದ್ದಳು. "ಯಾರ್ಲಾ ಅದು ಅರ್ಧ ಮುದ್ದೆ ಬಿಟ್ಟೋನು? ರಾಗಿ ಬೆಳೆಯೋರ ಮನೇಲಿ ಹುಟ್ಟಿಲ್ವಾ ನೀನು?" ಒಂದು ಸಲ ಹಾಗೆ ಸಿಕ್ಕಿಬಿದ್ದವರು ಪ್ರೊಡಕ್ಷನ್ ಮ್ಯಾನೇಜರ್. ಪಾಪ, ವಾಪಸ್ ಹೋಗಿ ಉಂಡು ಬಂದರು.

ಅವಳಿಗೂ ನನಗೂ ನಂಟು ಬೆಳೆದದ್ದು ಉಪ್ಪಿನಿಂದ. ದಿನಾ ಸಾರು ಇಳಿಸುವ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಬಂದು ಕೂಗುತ್ತಿದ್ದಳು, "ಉಪ್ಪು ನೋಡು ಬಾ ತಾಯಿ." ನೀನೇ ನೋಡಬಾರದೇ ಅಕ್ಕ ಎಂದರೆ, "ಬೇಯ್ಸೋರ ನಾಲಿಗೆ ನಂಬಬಾರ್ದು. ಹಬೆ ಕುಡಿದೂ ಕುಡಿದೂ ಮಂಕಾಗಿರ್ತದೆ," ಅನ್ನುತ್ತಿದ್ದಳು. ಸೌಟಿನಿಂದ ನನ್ನ ಅಂಗೈಗೆ ಒಂದು ತೊಟ್ಟು ಬಿಟ್ಟು ಮುಖವನ್ನೇ ನೋಡುತ್ತಿದ್ದಳು. ನಾನು ತಲೆಯಾಡಿಸಿದ ಮೇಲೆಯೇ ಮುಚ್ಚಳ. ಇಡೀ ಕಾರ್ಖಾನೆಯ ಊಟದಲ್ಲಿ ಮೊದಲ ತೊಟ್ಟು ನನ್ನದು. ಮನೆಯಲ್ಲಿ ನನ್ನ ಮಾತಿಗೆ ಯಾರೂ ಅಷ್ಟು ಬೆಲೆ ಕೊಟ್ಟಿರಲಿಲ್ಲ.

ಕಂಪನಿ ಕೊಟ್ಟ ನೇಮಕದ ಪತ್ರವನ್ನು ಅವಳು ದೊಡ್ಡಬಳ್ಳಾಪುರದ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದಳು. ಅವರ ಮನೆಗೆ ಅಂಥ ಕಾಗದ ಬಂದದ್ದು ಅದೇ ಮೊದಲು. ಅದರಲ್ಲಿ 'ಹುದ್ದೆ: ಅಡುಗೆಯವರು' ಎಂದಿತ್ತು. ನಿಧಾನವಾಗಿ, ಬೆರಳಿಟ್ಟು ಓದುತ್ತಿದ್ದಳು. "ನೋಡು, ಅಡುಗೆಯೋಳು ಅಂತಿಲ್ಲ. ಅಡುಗೆಯವರು ಅಂತಿದೆ," ಎಂದು ನನಗೆ ತೋರಿಸಿದ್ದಳು.

ಎಲ್ಲವೂ ಕೆಟ್ಟದ್ದು ಒಂದು ಲಗ್ನಪತ್ರಿಕೆಯಿಂದ. ಮಗಳ ಮದುವೆ ಗೊತ್ತಾಗಿತ್ತು. ಒಂದು ಶುಕ್ರವಾರ ಕಾರ್ಡುಗಳ ಕಟ್ಟು ತಂದು, ಅರಿಶಿನ ಕುಂಕುಮ ಹಚ್ಚಿದ ಮೂಲೆಗಳು ಮಾಸದ ಹಾಗೆ ಎರಡೂ ಕೈಯಲ್ಲಿ ಹಿಡಿದು ಒಂದೊಂದು ಹೊಲಿಗೆ ಲೈನಿಗೂ ಹೋಗಿ ಹಂಚಿದಳು. ತಾನು ಉಣಬಡಿಸಿದವರೆಲ್ಲ ತನ್ನವರೇ ಎನ್ನುವುದು ಅವಳ ಲೆಕ್ಕ. ಆದರೆ ನಮ್ಮ ಕಡೆ ಲಗ್ನಪತ್ರಿಕೆ ಓದುವ ಕ್ರಮವೇ ಬೇರೆ. ಮುಹೂರ್ತ ನೋಡುವುದು ಕೊನೆಗೆ. ಮೊದಲು ಕಣ್ಣು ಹೋಗುವುದು ಮೇಲೆ ಅಚ್ಚಾದ ಮನೆದೇವರ ಹೆಸರಿಗೆ, ಆಮೇಲೆ ಊರು, ಕೇರಿಗೆ, ಆಮೇಲೆ ಕೆಳಗೆ ಸುಖಾಗಮನ ಬಯಸುವವರ ಪಟ್ಟಿಗೆ. ಮೂರನ್ನೂ ಕೂಡಿಸಿದರೆ ಜಾತಿ ಸಿಗುತ್ತದೆ. ಊಟದ ಬಿಡುವು ಮುಗಿಯುವುದರೊಳಗೆ ಎಲ್ಲರಿಗೂ ಸಿಕ್ಕಿತು. ಅವಳು ದಲಿತ ಕೇರಿಯವಳು.

ಯಾರೂ ಒಂದು ಮಾತಾಡಲಿಲ್ಲ. ಮಾತಾಡಿದ್ದರೆ ಅವಳು ಗೆಲ್ಲುತ್ತಿದ್ದಳೇನೋ. ಮರುದಿನ ಶನಿವಾರ, ಬಹಳ ಮಂದಿಗೆ ಒಪ್ಪತ್ತು, ಅದು ಇದ್ದದ್ದೇ. ಸೋಮವಾರವೂ ಹಾಗೇ. ಮಂಗಳವಾರ ನನ್ನ ಕಿಟಕಿಗೆ ಬಂದವರಲ್ಲಿ ಅರ್ಧಕ್ಕರ್ಧ ಜನ "ನಂಗೆ ಒಪ್ಪತ್ತು ಬರ್ಕೊಳ್ಳಿ" ಎಂದರು. ಅಕ್ಕ ಉಳಿದ ಮುದ್ದೆಗಳನ್ನು ನೋಡಿ, "ಏನಿವತ್ತು, ಎಲ್ಲಾರೂ ದೇವಿ ಮೊರೆ ಹೋಗ್ಬಿಟ್ಟವ್ರೆ?" ಎಂದು ನಕ್ಕಳು. ಮಂಗಳವಾರ ದೇವಿಯ ವಾರ ಅಂತ ಅದನ್ನೂ ನಂಬಬಹುದಿತ್ತು.

ಬುಧವಾರಕ್ಕೆ ನಮ್ಮ ಕಡೆ ಯಾವ ದೇವರೂ ಇಲ್ಲ. ಬುಧವಾರ ಒಪ್ಪತ್ತು ಇರುವವರನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಆ ಬುಧವಾರ ನನ್ನ ಬುಕ್ಕಿನ ಪುಟದ ತುಂಬ ಒ, ಒ, ಒ. ನಮ್ಮೂರಿನವಳೇ ಆದ ಸೂಪರ್‌ವೈಸರ್ ಒಬ್ಬಳು ಕಿಟಕಿಗೆ ಬಗ್ಗಿ, ತನ್ನ ಒಪ್ಪತ್ತು ಬರೆಸಿ, ಮೆಲ್ಲಗೆ ಕೇಳಿದಳು, "ನೀನೇನಮ್ಮ, ಇನ್ನೂ ಉಣ್ತಿದ್ದೀಯಾ? ನಿಮ್ಮತ್ತೆಗೆ ಗೊತ್ತಾ?" ನಮ್ಮದು ಒಕ್ಕಲು ಮನೆತನ. ನಮ್ಮತ್ತೆ ಇಂಥದ್ದಕ್ಕೆಲ್ಲ ಪ್ರಾಣ ಬಿಡುವ ಹೆಂಗಸು. ನಾನು ಪೆನ್ನು ತೆಗೆದು ನನ್ನ ಹೆಸರಿನ ಮುಂದೆಯೂ ಒಂದು ಒ ಬರೆದೆ.

ಸಾರು ಇಳಿಸುವ ಹೊತ್ತಾಯಿತು. "ಉಪ್ಪು ನೋಡು ಬಾ ತಾಯಿ."

ನಾನು ಕಿಟಕಿಯಿಂದ ಏಳಲಿಲ್ಲ. "ಇವತ್ತು ಒಪ್ಪತ್ತು ಅಕ್ಕ," ಎಂದೆ.

ಎಲ್ಲವೂ ಅವಳಿಗೆ ಅರ್ಥವಾದದ್ದು ಆಗ, ನನ್ನ ಬಾಯಿಂದ. ಒಳಗೆ ಹೋಗಿ ಹಣ್ಣಿನ ಬುಟ್ಟಿಯಲ್ಲಿ ಹುಡುಕಿ, ಕಪ್ಪಾಗದ ಎರಡು ಹಣ್ಣು ತಂದು ಕಿಟಕಿಯಲ್ಲಿಟ್ಟಳು. "ತಗೋ. ಖಾಲಿ ಹೊಟ್ಟೇಲಿ ಕೂರಬೇಡ," ಎಂದಳು. ಬಾಳೆಹಣ್ಣಿಗೆ ಸಿಪ್ಪೆ ಇರುತ್ತದೆ, ಯಾರು ಮುಟ್ಟಿದರೂ ತೊಂದರೆಯಿಲ್ಲ. ನಾನು ಸುಲಿದು ತಿಂದೆ. ಅವತ್ತು ಅವಳು ಖಾಲಿ ಬೆಂಚುಗಳ ನಡುವೆ ಒಬ್ಬಳೇ ತಟ್ಟೆ ಹಾಕಿಕೊಂಡು ಕೂತು, ಮುದ್ದೆಯನ್ನು ಪೂರ್ತಿ ಉಂಡು ಎದ್ದಳು.

ಮದುವೆಗೆ ಕಾರ್ಖಾನೆಯಿಂದ ಒಬ್ಬರೂ ಹೋಗಲಿಲ್ಲ. ನಾನು ಓವರ್‌ಟೈಮ್ ಇತ್ತು ಎಂದೆ.

ಅವಳು ಮದುವೆ ಮುಗಿಸಿ ಬಂದ ಮೇಲೆ ಎಚ್ಆರ್ ಸಾಹೇಬರು ಕರೆಸಿದರು. ಒಳ್ಳೆಯ ಮಾತಿನ ಮನುಷ್ಯ, ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಊಟ ವೇಸ್ಟಾಗುತ್ತಿದೆ, ನಿಮ್ಮ ಅಡುಗೆ ಜನಕ್ಕೆ ಹಿಡಿಸುತ್ತಿಲ್ಲ, ನಾಳೆಯಿಂದ ಟಾಯ್ಲೆಟ್ ಕ್ಲೀನಿಂಗ್ ಕಡೆ ಹೋಗಿ ಎಂದರು. ಅಕ್ಕ ಮನೆಗೆ ಹೋಗಿ ಲ್ಯಾಮಿನೇಷನ್ ಮಾಡಿಸಿದ ಪತ್ರ ತಂದು ಅವರ ಮೇಜಿನ ಮೇಲಿಟ್ಟು, ಆ ಒಂದು ಪದದ ಮೇಲೆ ಬೆರಳಿಟ್ಟಳು. "ಇದ್ರಲ್ಲಿ ಹಿಂಗಿದೆ ಸಾರ್. ಹಿಂಗೇ ಮಾಡ್ತೀನಿ." ಮೂರು ದಿನ ಕಕ್ಕಸು ತೊಳೆಯಲು ಒಪ್ಪದೆ, ಅಡುಗೆಮನೆಗೆ ಅವರು ಬಿಡದೆ, ಸೆಕ್ಯೂರಿಟಿ ಕೋಣೆಯ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು. ಆಮೇಲೆ ನೋಟಿಸು, ಆಮೇಲೆ ಹೇಳಿದ ಕೆಲಸ ಮಾಡಲಿಲ್ಲ ಎನ್ನುವ ಕಾರಣಕ್ಕೆ ವಜಾ.

ಅವಳು ಮೊದಲು ಹೋದದ್ದು ಪೊಲೀಸ್ ಠಾಣೆಗೆ. ಅಲ್ಲಿ ನಡೆದದ್ದನ್ನು ಒಂದು ದಿನ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವಳೇ ಹೇಳಿದಳು. ಅಲ್ಲಿದ್ದ ಪೊಲೀಸಪ್ಪ ಕೇಳಿದನಂತೆ, ಜಾತಿ ಹೆಸರು ಎತ್ತಿ ಯಾರಾದ್ರೂ ಬೈದ್ರಾ? ಇಲ್ಲ ಸಾಮಿ. ಹೊಡೆದ್ರಾ, ನೂಕಿದ್ರಾ? ಇಲ್ಲ. ಮತ್ತೆ ಏನಂದ್ರಮ್ಮ? "ಒಪ್ಪತ್ತು ಅಂದ್ರು ಅಂತ ಹೇಳ್ದೆ. ಅವನು ಪೆನ್ನು ಕೆಳಗಿಟ್ಟು ನಕ್ಬಿಟ್ಟ. ಅವನದೇನು ತಪ್ಪು ಬಿಡು. ಹೇಳೋವಾಗ ನಂಗೇ ನಗು ಬಂತು."

ಅವಳು ನಗುತ್ತಿರಲಿಲ್ಲ. ಒಬ್ಬ ಲಾಯರಮ್ಮ ಸಿಕ್ಕಿದ್ದಾರೆ, ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಹಾಕಿದ್ದಾರೆ, ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿ ಲೇಬರ್ ಕೋರ್ಟಿದೆ ಎಂದಳು. ಕಂಪನಿಯವರು ರಾಜಿಗೆ ಕರೆದಿದ್ದರು, ಪರಿಹಾರ ತಗೊಂಡು ಸುಮ್ಮನಾಗು ಎಂದಿದ್ದರು. ಇವಳು ಒಪ್ಪಿರಲಿಲ್ಲ. "ನಂಗೆ ಒಲೆ ಬೇಕು. ಅದೇ ಒಲೆ. ಒಂದೇ ಒಂದು ದಿನ ಅಲ್ಲಿ ಸಾರು ಮಾಡಿಟ್ಟು, ಅವ್ರು ಉಣ್ಲಿ ಬಿಡ್ಲಿ, ಆಮೇಲೆ ನಾನೇ ಬಿಟ್ಟು ಬರ್ತೀನಿ."

ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಎಲ್ಲಾ ನಿನ್ನ ಬುಕ್ಕಲ್ಲಿದೆ ತಾಯಿ. ಲಾಯರಮ್ಮ ಹೇಳ್ತಾರೆ, ಜನ ಉಣ್ಣದೆ ಹೋಗಿದ್ದು ಯಾಕೆ ಅಂತ ಕಂಪನಿಗೆ ಗೊತ್ತಿತ್ತು, ಗೊತ್ತಿದ್ದೇ ನನ್ನ ಕಕ್ಕಸಿಗೆ ಹಾಕಿದ್ರು ಅಂತ ತೋರಿಸ್ಬೇಕಂತೆ. ಅದಕ್ಕೆ ಒಳಗಿನೋರು ಒಬ್ರು ಬೇಕಂತೆ. ಒಬ್ರು ಸಾಕಂತೆ. ಬಂದು ಹೇಳ್ತೀಯಾ?"

"ಹೇಳ್ತೀನಿ ಅಕ್ಕ," ಎಂದೆ. ಆಗ ನಿಜವಾಗಿಯೂ ಹೇಳುವವಳಿದ್ದೆ.

"ನಿಂದೂ ಒಂದು ಒ ಇದೆ ಅದ್ರಲ್ಲಿ," ಎಂದಳು. "ಅದನ್ನೂ ಹೇಳ್ಬೇಕಾಗ್ತದೆ."

ಸಾಕ್ಷಿ ಹೇಳುವ ಸರದಿ ಬರುವ ಹೊತ್ತಿಗೆ ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಅವಳು ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಕೂಲಿಗೆ ಸೇರಿದ್ದಳು, ಮುದ್ದೆ ತಿರುವಿದ ಕೈಯ ತುಂಬ ಮುಳ್ಳಿನ ಗೀರು. ಸಕ್ಕರೆ ಕಾಯಿಲೆ ಹಿಡಿದು ಸೊರಗಿದ್ದಳು. ಒಂದು ವಾಯಿದೆಯನ್ನೂ ತಪ್ಪಿಸುತ್ತಿರಲಿಲ್ಲವಂತೆ. ಕೋರ್ಟಿಗೆ ಬರುವಾಗ ದೊಡ್ಡ ಡಬ್ಬಿಯಲ್ಲಿ ಚಿತ್ರಾನ್ನ ತಂದು ಹೊರಗೆ ಮರದ ಕೆಳಗೆ ಬಿಚ್ಚಿ, ಪಕ್ಕ ಕೂತವರು ಯಾರಾದರೂ ಸರಿ, ಮುಚ್ಚಳದಲ್ಲಿ ಒಂದಿಷ್ಟು ಹಾಕಿ ಕೊಡುತ್ತಿದ್ದಳಂತೆ. ಇದನ್ನು ಲಾಯರಮ್ಮ ನನಗೆ ಆಮೇಲೆ ಹೇಳಿದ್ದು, ಬೇಕೆಂದೇ ಹೇಳಿದ್ದು.

ನನಗೆ ಕೋರ್ಟಿನ ಸಮನ್ಸ್ ಬಂದ ದಿನವೇ ಎಚ್ಆರ್ ಸಾಹೇಬರು ಕರೆಸಿ, ಕೂರಿಸಿ, ಟೀ ತರಿಸಿಕೊಟ್ಟರು. ಬೆದರಿಸಲಿಲ್ಲ. "ಕೋರ್ಟು ದೇವಸ್ಥಾನ ಇದ್ದಂಗಮ್ಮ. ಸುಳ್ಳು ಹೇಳು ಅಂತ ನಾನು ಯಾವತ್ತೂ ಹೇಳಲ್ಲ," ಎಂದರು. "ನೀನು ಬುಕ್ಕಲ್ಲಿ ಏನು ಬರ್ದಿದ್ದೀಯೋ ಅಷ್ಟನ್ನೇ ಹೇಳು. ಒಪ್ಪತ್ತು ಅಂತ ನಿನ್ನ ಕೈಯಾರೆ ಬರ್ದಿದ್ದೀಯ ತಾನೇ?" ಹೌದು ಸಾರ್ ಎಂದೆ. ನಾನು ಏಳುವಾಗ ಕೇಳಿದರು, "ನಿನ್ ತಂಗೀನೂ ನಮ್ಮಲ್ಲೇ ಅಲ್ವಾ? ಯಾವ ಲೈನು?"

ಆ ಟೀಯನ್ನು ನಾನು ಪೂರ್ತಿ ಕುಡಿದೆ.

ಕೋರ್ಟಿನಲ್ಲಿ ಲಾಯರಮ್ಮ ನಿಧಾನವಾಗಿಯೇ ಕೇಳಿದರು. ದಿನಾ ಅಡುಗೆಯ ಉಪ್ಪು ನೋಡುತ್ತಿದ್ದವರು ನೀವೇ ಅಲ್ಲವೇ? ಹೌದು. ಲಗ್ನಪತ್ರಿಕೆ ಹಂಚಿದ ಮೇಲೆ ಊಟ ಬಿಟ್ಟವರು ಹೆಚ್ಚಾದರು ಅಲ್ಲವೇ? ಹೌದು. ಯಾಕೆ? ಅವರವರ ಭಕ್ತಿ, ನನಗೆ ಹೇಗೆ ಗೊತ್ತಾಗಬೇಕು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳುತ್ತಾ ಹೋದೆ. ಅವರು ಬುಕ್ಕಿನ ಆ ಪುಟ ತೆರೆದು ನನ್ನ ಮುಂದೆ ಹಿಡಿದರು. "ಈ ಬುಧವಾರ ನಿಮ್ಮ ಹೆಸರಿನ ಮುಂದೆಯೂ ಗುರುತಿದೆ. ನೀವು ಅವತ್ತು ಯಾಕೆ ಊಟ ಮಾಡಲಿಲ್ಲ?"

ಅಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಹಿಂದೆ ಸೌಟು ಹಿಡಿದು ನೋಡುತ್ತಿದ್ದಳಲ್ಲ, ಹಾಗೇ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆಯಾಡಿಸಿದರೆ ಸಾಕಿತ್ತು.

"ನಂಗೆ ಅವತ್ತು ಒಪ್ಪತ್ತಿತ್ತು," ಎಂದೆ.

ಹೊರಗೆ ಬಂದಾಗ ಅವಳು ಮರದ ಕೆಳಗೆ ನಿಂತಿದ್ದಳು, ಡಬ್ಬಿ ಕೈಯಲ್ಲೇ ಇತ್ತು. ತಪ್ಪಿಸಿಕೊಂಡು ಹೋಗಲು ದಾರಿ ಇರಲಿಲ್ಲ. "ನೌಕರಿ ಉಳಿಸ್ಕೊಂಡೆ. ಸರಿ, ಉಳಿಸ್ಕೋ, ನಿಂಗೂ ಮಕ್ಕಳವ್ರೆ," ಎಂದಳು. "ಆದ್ರೆ ದೇವ್ರ ಹೆಸ್ರು ಯಾಕೆ ತಂದೆ? ಭಯ ಆಯ್ತು ಅಂತ ಹೇಳಿದ್ರೂ ಆಗ್ತಿತ್ತಲ್ಲ. ನಾನೇ ಮುಂದೆ ನಿಂತು, ಪಾಪ ಬಿಡಿ ಅಂತಿದ್ದೆ." ಡಬ್ಬಿಯನ್ನು ಬಿಚ್ಚದೆ ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಅದೇ ಬಸ್ಸಿಗೆ ಹೋಗಬೇಕಾಗಿದ್ದ ನಾನು ಮುಂದಿನ ಬಸ್ಸಿಗೆ ಕಾದೆ.

ತೀರ್ಪು ಬಂತು. ಜಾತಿಯ ಕಾರಣಕ್ಕೆ ಕೆಲಸ ಬದಲಿಸಿದರು ಎನ್ನುವುದು ಸಾಬೀತಾಗಿಲ್ಲ, ವಜಾ ಮಾಡಿದ್ದು ಸರಿ ಎಂದಾಯಿತು. ಮೇಲಿನ ಕೋರ್ಟಿಗೆ ಹೋಗೋಣ ಎಂದು ಲಾಯರಮ್ಮ ಹೇಳಿದರೆ ಅಕ್ಕ, "ಅಲ್ಲೂ ಸಾಕ್ಷಿ ಅದೇ ತಾನೇ," ಎಂದಳಂತೆ. ಆಮೇಲೆ ಮೂತ್ರಪಿಂಡ ಕೆಟ್ಟು ಒಂದು ವರ್ಷ ನರಳಿದಳು. ಉಪ್ಪು ಬಿಡಬೇಕೆಂದು ಡಾಕ್ಟರು ಹೇಳಿದ್ದರಂತೆ. ನೋಡಲು ನಾನು ಹೋಗಲಿಲ್ಲ, ಹೋಗಲು ಮುಖ ಇರಲಿಲ್ಲ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ನಾನು ದಿನಾ ಅಂಗೈಯಲ್ಲಿ ಹಿಡಿದು ತಿಂದವಳು.

ಬಸ್ಸಿನಲ್ಲಿ ಸುದ್ದಿ ಕೇಳಿದ ಮೇಲೆ ವಿಚಾರಿಸಿಕೊಂಡು ಹನ್ನೊಂದನೇ ದಿನದ ತಿಥಿಗೆ ಅವಳ ಊರಿಗೆ ಹೋದೆ. ಅವತ್ತು ಬುಧವಾರವೇ ಬಿದ್ದಿತ್ತು, ನಾನು ಆರಿಸಿದ್ದಲ್ಲ. ಸಣ್ಣ ಶೀಟಿನ ಮನೆ. ಗೋಡೆಯ ಮೇಲೆ ಹಾರ ಹಾಕಿದ ಅವಳ ಫೋಟೊ, ಅದರ ಪಕ್ಕದಲ್ಲೇ ಮೊಳೆ ಹೊಡೆದು ನೇತುಹಾಕಿದ ಆ ನೇಮಕದ ಪತ್ರ. ಲ್ಯಾಮಿನೇಷನ್ ಅಂಚು ಬಿಟ್ಟು ಒಳಗೆ ತೇವ ಇಳಿದಿತ್ತು. ಕಾರ್ಖಾನೆಯವರು ಯಾರೂ ಬಂದಿರಲಿಲ್ಲ. ಇಲ್ಲಿ ನಾನು ಏನು ಉಂಡರೂ ನೋಡುವವರಿಲ್ಲ ಎಂದು ಒಂದು ಕ್ಷಣ ಅನ್ನಿಸಿತು, ಥೂ ಇಂಥ ಬುದ್ಧಿಗೆ.

ಶಾಮಿಯಾನದ ಕೆಳಗೆ ಸಾಲಾಗಿ ಊಟಕ್ಕೆ ಕೂತಿದ್ದರು. ನಾನೂ ಕೊನೆಯಲ್ಲಿ ಕೂತೆ. ಲಗ್ನಪತ್ರಿಕೆಯಲ್ಲಿ ಹೆಸರಿದ್ದ ಆ ಮಗಳು ಎಲೆ ಹಾಕುತ್ತಾ ಬಂದವಳು ನನ್ನ ಮುಂದೆ ನಿಂತಳು. "ನೀವು ಟೋಕನ್ ಅಕ್ಕ ಅಲ್ವಾ?" ಎಂದಳು. ಒಳಗೆ ಹೋಗಿ ಒಂದು ತಟ್ಟೆ ತಂದು ನನ್ನ ಮುಂದಿಟ್ಟಳು. ಅದರಲ್ಲಿ ಎರಡು ಬಾಳೆಹಣ್ಣು.

"ಅಮ್ಮ ಹೇಳ್ಬಿಟ್ಟಿದ್ಲು ಅಕ್ಕ. ಅವ್ರು ಯಾವತ್ತಾದ್ರೂ ಬಂದ್ರೆ ಊಟಕ್ಕೆ ಬಲವಂತ ಮಾಡ್ಬೇಡ, ಒಪ್ಪತ್ತಿರ್ತಾರೆ, ಹಣ್ಣು ಕೊಡು ಅಂತ."

ಅವಳ ಮುಖದಲ್ಲಿ ಕುಹಕ ಹುಡುಕಿದೆ, ಇರಲಿಲ್ಲ. ತಾಯಿ ಹೇಳಿದ್ದನ್ನು ಮಾಡುತ್ತಿದ್ದಳು ಅಷ್ಟೇ. ತಾಯಿ ಅದನ್ನು ಯಾವ ಮನಸ್ಸಿನಿಂದ ಹೇಳಿದ್ದಳೋ ಇನ್ನು ಕೇಳುವ ಹಾಗಿಲ್ಲ. ಅಲ್ಲಿ ಉಣ್ಣಬೇಕಾದರೆ ನಾನು ಒಂದು ಮಾತು ಹೇಳಲೇಬೇಕಿತ್ತು. ಅಕ್ಕಪಕ್ಕದವರು ಕೇಳುತ್ತಿದ್ದರು.

"ನಂಗೆ ಯಾವ ಬುಧವಾರಾನೂ ಒಪ್ಪತ್ತಿರ್ಲಿಲ್ಲ ಕಣಮ್ಮ," ಎಂದೆ. "ಅವತ್ತೂ ಇರ್ಲಿಲ್ಲ. ನಿಮ್ಮಮ್ಮನ ಕೈಯಿಂದ ತಿನ್ನಬಾರ್ದು ಅಂತ ಬಿಟ್ಟೆ. ಕೋರ್ಟಲ್ಲಿ ಸುಳ್ಳು ಹೇಳ್ದೆ."

ಸಾಲಿನಲ್ಲಿ ಯಾರೋ ನೀರು ಕೇಳಿದರು, ಆ ಹುಡುಗಿಗೆ ಕೇಳಿಸಲಿಲ್ಲ.

"ಅದನ್ನ ಅಲ್ಲಿ ಹೇಳ್ಬೇಕಿತ್ತು ಅಕ್ಕ," ಎಂದಳು.

ಹಣ್ಣಿನ ತಟ್ಟೆ ಎತ್ತಿಕೊಂಡು ನನ್ನ ಮುಂದೆ ಎಲೆ ಹಾಸಿದಳು. ಮುದ್ದೆ ಇಟ್ಟಳು, ಸಾರು ಬಿಟ್ಟಳು, ಮುಂದಿನವರ ಕಡೆ ಹೋದಳು. ನಾನು ಉಂಡೆ. ಉಪ್ಪು ಹೇಗಿದೆ ಎಂದು ಯಾರೂ ಕೇಳಲಿಲ್ಲ.